ಹಲಗೆಯ ಮೇಲೆ ಕಾಲು ಕುಟ್ಟು

ಜೂನ್ 3

ಅಮ್ಮಣ್ಣಿ,

ಬಂದು ತಲುಪಿದೆ ಎಂದು ನೀನು ಗೀಚಿದ ಎರಡು ಸಾಲು ಸಿಕ್ಕಿತು. ಎರಡೇ ಸಾಲು! ಚಿಕ್ಕಮ್ಮನ ಮನೆಗೆ ಹೋಗಿ ಒಂದು ವಾರವಾಗಿಲ್ಲ, ಆಗಲೇ ದೊಡ್ಡ ಆಫೀಸರ್ ಹಾಗೆ ಬರೆಯುತ್ತೀಯಲ್ಲೇ. ಅವಳ ಹೆರಿಗೆಯಾಗುವವರೆಗೂ ನೀನು ಅಲ್ಲಿರಬೇಕು. ಅಷ್ಟು ದಿನವೂ ಹೀಗೆ ಎರಡೆರಡು ಸಾಲು ಹಾಕಿದರೆ ನಾನೇ ಬಂದು ಕಿವಿ ಹಿಂಡುತ್ತೇನೆ.

ಇಲ್ಲಿಯ ಕಥೆ ಕೇಳು. ನೀನು ಹೋದ ಮೇಲೆ ಇದು ಮನೆಯಾಗಿ ಉಳಿದಿಲ್ಲ, ಬಸ್ ಸ್ಟ್ಯಾಂಡ್ ಆಗಿದೆ. ಅವಳಿಗಳಿಬ್ಬರೂ ಒಂದೇ ಜೊತೆ ಚಪ್ಪಲಿಗೆ ಬೆಳಗಿನಿಂದ ಕಿತ್ತಾಡುತ್ತಾರೆ, ಇನ್ನೊಂದು ಜೊತೆ ಮಂಚದ ಕೆಳಗೆ ಬಿದ್ದಿರುತ್ತದೆ. ಪಾಪುಗೆ ಹಲ್ಲು ಬರುತ್ತಿದೆ, ನಿನ್ನೆ ನನ್ನ ಅಳತೆ ಟೇಪಿನ ತುದಿಯನ್ನೇ ಅಗಿದು ಹಾಕಿದ. ಶಾಲೆ ಶುರುವಾಗುವ ಹೊತ್ತಲ್ಲವೇ, ಹೊಲಿಯಬೇಕಾದ ಸಮವಸ್ತ್ರದ ರಾಶಿ ಕಿಟಕಿ ಮುಚ್ಚುವಷ್ಟಿದೆ. ನಿಮ್ಮಪ್ಪ ಬೇಕರಿಯಿಂದ ಮಧ್ಯಾಹ್ನ ಬಂದವರೇ ಹಿಟ್ಟು ಮೆತ್ತಿದ ಅಂಗಿಯಲ್ಲೇ ಮಲಗಿಬಿಡುತ್ತಾರೆ. ಎಬ್ಬಿಸಿದರೆ "ಬ್ರೆಡ್ ಸೀದು ಹೋಯ್ತಾ?" ಎಂದು ಕೇಳುತ್ತಾರೆ.

ನಿನ್ನ ಮುದ್ದಿನ ತಂಗಿ ಪಿಳಿಪಿಳಿ ಮಾತ್ರ ಮುಖ ಊದಿಸಿಕೊಂಡಿದ್ದಾಳೆ. ಐದು ವರ್ಷಕ್ಕೇ ಇಷ್ಟು ಸೊಕ್ಕು! ಕರೆದರೆ ತಿರುಗಿಯೂ ನೋಡುವುದಿಲ್ಲ. ಮೆಟ್ಟಿಲ ಕಿಟಕಿಯ ಹತ್ತಿರ ಕೂತು ಬೀದಿ ನೋಡುತ್ತಾಳೆ. ಹತ್ತಿರ ಹೋಗಿ ಬೈದರೆ ನನ್ನ ಬಾಯಿಯನ್ನೇ ಪಿಳಿಪಿಳಿ ನೋಡುತ್ತಾಳೆ. ನೀನು ಬಿಟ್ಟು ಹೋದೆ ಎಂದು ಕೋಪ. ಇನ್ನು ನಾಲ್ಕು ದಿನ, ಸರಿಹೋಗುತ್ತಾಳೆ ಬಿಡು.

ಚಿಕ್ಕಮ್ಮನನ್ನು ಎದ್ದು ಓಡಾಡಲು ಬಿಡಬೇಡ.

ಅಮ್ಮ


ಜೂನ್ 9

ಅಮ್ಮನಿಗೆ,

ಚಿಕ್ಕಮ್ಮನ ಕಾಲು ಊದಿಕೊಂಡಿದೆ. ನರ್ಸಮ್ಮ ಬಂದು ನೋಡಿ, ಹಾಸಿಗೆ ಬಿಟ್ಟು ಏಳಲೇಬಾರದು ಎಂದಿದ್ದಾರೆ. ಚಿಕ್ಕಪ್ಪನಿಗೆ ಗಿರಣಿಯಲ್ಲಿ ಪಾಳಿ. ಹಾಗಾಗಿ ಅಡುಗೆ, ಬಟ್ಟೆ, ನೀರು ಎಲ್ಲ ನಾನೇ. ಕಷ್ಟವೇನಿಲ್ಲ, ನಮ್ಮ ಮನೆಗೆ ಹೋಲಿಸಿದರೆ ಇಲ್ಲಿ ಇಬ್ಬರೇ. ಪಾತ್ರೆ ತೊಳೆದರೆ ತೊಳೆದದ್ದು ತೊಳೆದ ಹಾಗೇ ಇರುತ್ತದೆ, ಅದೇ ವಿಚಿತ್ರ.

ಪಿಳಿಯ ವಿಷಯ. ಅಮ್ಮ, ಅವಳನ್ನು ಅಡುಗೆಮನೆಯಿಂದ ಕೂಗಬೇಡ. ಎದುರಿಗೆ ಹೋಗಿ ನಿಂತು ಹೇಳು. ನಿನ್ನ ಮುಖದ ಮೇಲೆ ಬೆಳಕು ಬೀಳುವ ಹಾಗೆ ನಿಲ್ಲು. ದೂರದಲ್ಲಿದ್ದರೆ ನೆಲದ ಹಲಗೆಯ ಮೇಲೆ ಕಾಲು ಕುಟ್ಟು, ನೋಡುತ್ತಾಳೆ. ಅದು ನಮ್ಮಿಬ್ಬರ ಆಟ, ಅವಳಿಗೆ ಅದು ಇಷ್ಟ. ಬೀದಿಗೆ ಹೋದರೆ ಕೈ ಹಿಡಿದುಕೊಂಡೇ ಇರಬೇಕು. ಅವಳಿಗಳ ಜೊತೆ ಮಾತ್ರ ಕಳಿಸಬೇಡ, ಅವರಿಗೆ ಗಮನ ಇರುವುದಿಲ್ಲ. ಗೋದಾಮಿನ ಲಾರಿಗಳು ಹಿಂದಕ್ಕೆ ಬರುವ ಹೊತ್ತಿನಲ್ಲಂತೂ ಬೇಡವೇ ಬೇಡ.

ಇಷ್ಟು ಮಾಡುತ್ತೀಯಲ್ಲ ಅಮ್ಮ? ಮಾಡುತ್ತೇನೆ ಎಂದು ಬರೆ.

ಅಮ್ಮಣ್ಣಿ


ಜೂನ್ 16

ಅಮ್ಮಣ್ಣಿ,

ನನ್ನ ತಾಯಿ ಹೋದ ಮೇಲೆ ನನಗೆ ಇಷ್ಟೊಂದು ಉಪದೇಶ ಮಾಡಿದವರು ನೀನೊಬ್ಬಳೇ. ಮುಖದ ಮೇಲೆ ಬೆಳಕು ಬೀಳಬೇಕಂತೆ! ನಾನೇನು ಫೋಟೋ ತೆಗೆಸಿಕೊಳ್ಳುತ್ತಿದ್ದೇನೆಯೇ? ಐದು ಮಕ್ಕಳನ್ನು ಹೆತ್ತವಳಿಗೆ ಕರೆಯುವುದು ಹೇಗೆ ಎಂದು ಹದಿನಾಲ್ಕರ ಹುಡುಗಿ ಹೇಳಿಕೊಡಬೇಕು. "ಬನ್ರೋ ಎಲ್ರೂ" ಎಂದು ಒಂದು ಕೂಗು ಹಾಕಿದರೆ ಎಲ್ಲರೂ ತಟ್ಟೆ ಮುಂದೆ ಬಂದು ಕೂರುತ್ತಿದ್ದರು, ಇಷ್ಟು ವರ್ಷ ಹಾಗೇ ನಡೆದಿದೆ.

ನಗುತ್ತಾ ಶುರು ಮಾಡಿದೆ, ಆದರೆ ಮನಸ್ಸು ಸರಿಯಿಲ್ಲ. ಯಾರ ಹತ್ತಿರವಾದರೂ ಹೇಳಬೇಕು, ನಿನಗೇ ಹೇಳುತ್ತೇನೆ. ಮೊನ್ನೆ ನಾನು ನೀರು ತುಂಬಲು ಕೆಳಗೆ ಹೋಗಿದ್ದೆ. ಪಾಪು ಮಂಚದಿಂದ ಬಿದ್ದ. ಅವನ ಅರಚಾಟ ಕೆಳಗಿನ ಸೈಕಲ್ ಅಂಗಡಿಯವನಿಗೂ ಕೇಳಿಸಿತು. ಮೆಟ್ಟಿಲು ಹತ್ತಿ ಓಡಿ ಬಂದು ನೋಡಿದರೆ, ಪಿಳಿ ಅವನಿಂದ ಮಾರು ದೂರದಲ್ಲಿ ನಮಗೆ ಬೆನ್ನು ಹಾಕಿ ಕೂತು ಸೀಮೆಸುಣ್ಣದಲ್ಲಿ ಬೆಕ್ಕು ಬರೆಯುತ್ತಿದ್ದಾಳೆ! ಕೂಸಿನ ತುಟಿಯಲ್ಲಿ ರಕ್ತ. ಅವಳು ಬೆಕ್ಕಿಗೆ ಮೀಸೆ ಎಳೆಯುತ್ತಿದ್ದಾಳೆ.

ನಾನು ಹೊಡೆದೆ. ಜೋರಾಗಿಯೇ ಹೊಡೆದೆ. ಅವಳು ಅಳಲಿಲ್ಲ. ನನ್ನನ್ನು ನೋಡಿದಳು, ಪಾಪುವನ್ನು ನೋಡಿದಳು, ಆಮೇಲೆ ತನ್ನ ಅಂಗಿಯಿಂದ ಅವನ ತುಟಿ ಒರೆಸಿದಳು. ಅಮ್ಮಣ್ಣಿ, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಬಗ್ಗೆ ಹೀಗೆ ಬರೆಯಬಾರದು, ಆದರೆ ನನಗೆ ಅವಳನ್ನು ಕಂಡರೆ ಭಯವಾಗುತ್ತಿದೆ. ಅವಳ ತಲೆಯಲ್ಲಿ ಏನೋ ಆಗಿದೆ. ಎಲ್ಲೋ ಹೋಗಿಬಿಟ್ಟ ಹಾಗಿರುತ್ತಾಳೆ. ಮಾತೂ ಕಡಿಮೆಯಾಗಿದೆ, ಆಡಿದರೂ ಬಾಯಲ್ಲಿ ಬಟ್ಟೆ ಇಟ್ಟುಕೊಂಡ ಹಾಗೆ.

ಗಡಿಯಾರ ರಿಪೇರಿಯವರ ಮಗ ಹಾಸ್ಟೆಲಿನಿಂದ ರಜೆಗೆ ಬಂದಿದ್ದ, ಅದೇ ಆ ಕಿವುಡ ಹುಡುಗ. ಎಷ್ಟು ಎತ್ತರವಾಗಿದ್ದಾನೆ ಎಂದರೆ ಅವನ ತಾಯಿಯೇ ನಾಚಿಕೊಂಡು ಮಾತಾಡಿಸುತ್ತಾಳೆ. ಅವನನ್ನು ಕಂಡ ಕೂಡಲೇ ಪಿಳಿ ನನ್ನ ಹೊಲಿಗೆ ಯಂತ್ರದ ಕೆಳಗೆ ಹೋಗಿ ಸೇರಿಕೊಂಡಳು. ಎಳೆದರೂ ಬರಲಿಲ್ಲ. ಇದೆಂಥ ನಡತೆ ಹೇಳು.

ಬರುವ ತಿಂಗಳ ಮೊದಲಲ್ಲಿ ಅವಳನ್ನು ಶಾಲೆಗೆ ಹಾಕುತ್ತೇನೆ. ಅವಳಿಗಳ ಜೊತೆ ಹೋಗಿಬರಲಿ, ನಾಲ್ಕು ಮಕ್ಕಳ ಜೊತೆ ಬೆರೆತರೆ ಸರಿಹೋದೀತು.

ಅಮ್ಮ


ಜೂನ್ 21

ಅಮ್ಮ,

ದಯವಿಟ್ಟು ಅವಳಿಗೆ ಹೊಡೆಯಬೇಡ. ಅವಳು ಬೆನ್ನು ಹಾಕಿ ಕೂತಿದ್ದಳು ಎಂದು ನೀನೇ ಬರೆದಿದ್ದೀಯ, ಪಾಪು ಬಿದ್ದದ್ದು ಅವಳಿಗೆ ಕಾಣಿಸಲಿಲ್ಲ ಅಷ್ಟೆ. ಕಂಡಿದ್ದರೆ ಎತ್ತಿಕೊಳ್ಳುತ್ತಿದ್ದಳು. ಅವಳ ತಲೆಗೆ ಏನೂ ಆಗಿಲ್ಲ. ನಮ್ಮೆಲ್ಲರಿಗಿಂತ ಬುದ್ಧಿ ಅವಳಿಗೇ ಜಾಸ್ತಿ. ಆಣೆ ಮಾಡಿ ಹೇಳುತ್ತೇನೆ.

ಈಗಲೇ ಶಾಲೆಗೆ ಹಾಕಬೇಡ. ಒಂದು ವರ್ಷ ತಡವಾದರೆ ಏನೂ ಆಗುವುದಿಲ್ಲವೆಂದು ಚಿಕ್ಕಮ್ಮನೂ ಹೇಳಿದರು. ನಾನು ಬರುವವರೆಗಾದರೂ ತಡೆ. ನಾನೇ ಕರೆದುಕೊಂಡು ಹೋಗಿ ಬಿಡುತ್ತೇನೆ, ನಾನೇ ಪಕ್ಕದಲ್ಲಿ ಕೂರುತ್ತೇನೆ.

ನಾನು ಬಂದುಬಿಡಲೇ? ಒಂದು ಮಾತು ಹಾಕು, ಬಸ್ಸು ಹತ್ತುತ್ತೇನೆ. ಇಲ್ಲಿ ಚಿಕ್ಕಮ್ಮನನ್ನು ಬಿಟ್ಟು ಬರುವ ಹಾಗಿಲ್ಲ, ಗೊತ್ತು. ನಿನ್ನೆ ಅವರಿಗೆ ತಲೆ ಸುತ್ತು ಬಂದು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು "ನೀನು ಇಲ್ದಿದ್ರೆ ನಾನೇನ್ ಮಾಡ್ತಿದ್ದೆ" ಎಂದರು. ಆಗ ನನಗೆ ಪಿಳಿಯ ಕೈ ಯಾರು ಹಿಡಿದುಕೊಂಡಿದ್ದಾರೋ ಎಂದು ನೆನಪಾಗಿ ಬಚ್ಚಲಿಗೆ ಹೋಗಿ ಅತ್ತೆ. ನಾನು ಹೇಳುವುದು ಇಷ್ಟೇ, ಹಲಗೆಯ ಮೇಲೆ ಕಾಲು ಕುಟ್ಟು ಅಮ್ಮ. ನಗಬೇಡ. ಒಂದೇ ಒಂದು ಸಲ ಕುಟ್ಟಿ ನೋಡು.

ಅಮ್ಮಣ್ಣಿ


ಜುಲೈ 1

ಅಮ್ಮಣ್ಣಿ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಪಾಪುಗೆ ಎರಡನೇ ಹಲ್ಲು ಬಂತು. ನಿಮ್ಮಪ್ಪನಿಗೆ ಕೆಮ್ಮು ಕಡಿಮೆ. ಪಿಳಿಯೂ ಚೆನ್ನಾಗಿದ್ದಾಳೆ. ಶಾಲೆಗೆ ಇನ್ನೂ ಹಾಕಿಲ್ಲ. ನೀನು ಚಿಕ್ಕಮ್ಮನನ್ನು ನೋಡಿಕೋ, ಮನೆಯ ಯೋಚನೆ ಮಾಡಬೇಡ. ಕೆಲಸ ಜಾಸ್ತಿ, ಹೆಚ್ಚು ಬರೆಯಲಾರೆ.

ಅಮ್ಮ

ಅಕ್ಕಾ ಅಮ್ಮ ಪಾಪುನ ತೊಳೀತಿದಾಳೆ ಅಷ್ಟರಲ್ಲಿ ನಾವಿಬ್ರೂ ಬರೀತಿದೀವಿ. ಪಿಳಿ ಲಾರಿ ಕೆಳಗೆ ಹೋಗ್ತಿದ್ಳು. ಲಾರಿ ಹಿಂದೆ ಬರ್ತಿತ್ತು ಹಾರ್ನ್ ಹಾಕ್ತಾನೇ ಇತ್ತು ಇವಳು ಬೀದೀಲಿ ಕೂತು ಅಂಗಿ ಗುಂಡಿ ಆರಿಸ್ತಿದ್ಳು. ಸೈಕಲ್ ಮಾಮ ಎಳೆದ್ರು. ಅಮ್ಮ ಎಲ್ಲರ ಎದುರಿಗೇ ಅತ್ಳು. ಅಕ್ಕಂಗೆ ಹೇಳ್ಬೇಡಿ ಅಂದ್ಳು. ಕವರ್ ಅಂಟಿಸಕ್ಕೆ ನಮಗೇ ಕೊಟ್ಟಿದಾಳೆ.


ಜುಲೈ 6

ಅಮ್ಮ,

ಪಿಳಿಗೆ ಕಿವಿ ಕೇಳುವುದಿಲ್ಲ.

ಅವಳಿಗಳಿಗೆ ಬೈಯಬೇಡ. ಅವರು ಬರೆಯದಿದ್ದರೆ ನಾನು ಇದನ್ನು ಇನ್ನೂ ಬಾಯಿಬಿಡುತ್ತಿರಲಿಲ್ಲವೋ ಏನೋ.

ಹೋದ ವರ್ಷ ಅವಳಿಗೆ ಆ ದೊಡ್ಡ ಜ್ವರ ಬಂದು ಹೋದ ಮೇಲೆ ಒಂದು ದಿನ ಕನ್ನಡಿ ಎದುರು ಕೂರಿಸಿ ತಲೆ ಬಾಚುತ್ತಿದ್ದೆ. ಹಿಂದಿನಿಂದ ಏನೋ ಕೇಳುತ್ತಿದ್ದೆ, ಅವಳು ಉತ್ತರ ಕೊಡುತ್ತಿದ್ದಳು. ಅವಳಿಗಳು ಕಿತ್ತಾಡುತ್ತಾ ಬಂದು ಕನ್ನಡಿ ಬೀಳಿಸಿದರು. ಆಮೇಲೆ ನಾನು ಎಷ್ಟು ಕೇಳಿದರೂ ಉತ್ತರವಿಲ್ಲ. ಕನ್ನಡಿ ಎತ್ತಿಟ್ಟೆ, ಮತ್ತೆ ಮಾತು. ಕನ್ನಡಿಯಲ್ಲಿ ನನ್ನ ಬಾಯಿ ನೋಡಿ ಉತ್ತರ ಕೊಡುತ್ತಿದ್ದಳೆಂದು ಆಗ ಗೊತ್ತಾಯಿತು. ಅಂದಿನಿಂದ ನೀನು ಕೂಗಿದಾಗಲೆಲ್ಲ ನಾನು ಅವಳ ಭುಜ ಮುಟ್ಟುತ್ತಿದ್ದೆ. ನಾವಿಬ್ಬರೂ ಕೈಯಲ್ಲೇ ಎಷ್ಟೋ ಮಾತು ಮಾಡಿಕೊಂಡಿದ್ದೇವೆ. ಮನೆಯಲ್ಲಿ ಇಷ್ಟು ಗಲಾಟೆ, ಯಾರಿಗೂ ತಿಳಿಯಲಿಲ್ಲ.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಗಡಿಯಾರದವರ ಮಗನನ್ನು ಕಿವುಡರ ಹಾಸ್ಟೆಲಿಗೆ ಕಳಿಸಿದ ದಿನ ಅವನ ಅಮ್ಮ ನಮ್ಮ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಅಪ್ಪ ಒಳಗೆ ಬಂದು "ಇನ್ನೇನ್ ಮಾಡಕ್ಕಾಗತ್ತೆ, ಯಾರ ಮನೇಲಾದ್ರೂ ಇದನ್ನೇ ಮಾಡೋದು" ಎಂದರು. ನೀನು ಹೂಂ ಅಂದೆ. ನಾನು ಕೇಳಿಸಿಕೊಂಡೆ. ಅದಕ್ಕೇ ಪಿಳಿಗೆ ಮಾತು ಕೊಟ್ಟೆ, ಯಾರಿಗೂ ಹೇಳುವುದಿಲ್ಲ, ನಿನ್ನನ್ನು ಎಲ್ಲೂ ಕಳಿಸಲು ಬಿಡುವುದಿಲ್ಲ ಎಂದು.

ಈಗ ಮಾತು ಮುರಿದಿದ್ದೇನೆ. ಅವಳನ್ನು ಕಳಿಸಬೇಡ ಅಮ್ಮ. ನಾನು ಶಾಲೆ ಬಿಟ್ಟು ಅವಳನ್ನು ನೋಡಿಕೊಳ್ಳುತ್ತೇನೆ. ಅಪ್ಪನಿಗೆ ನೀನೇ ಹೇಳು, ನನಗೆ ಹೆದರಿಕೆ.

ಅಮ್ಮಣ್ಣಿ


ಜುಲೈ 7

ಅಮ್ಮಣ್ಣಿ,

ಹೋದ ಕಾಗದದಲ್ಲಿ ನಿನಗೆ ಸುಳ್ಳು ಬರೆದೆ. ಪಿಳಿ ಲಾರಿಯ ಕೆಳಗೆ ಹೋಗುವುದರಲ್ಲಿದ್ದಳು. ಆ ಗೋದಾಮಿನ ಲಾರಿಯ ಹಾರ್ನ್ ಎಂಥದ್ದೆಂದು ನಿನಗೆ ಗೊತ್ತು, ಸತ್ತವರೂ ಎದ್ದು ಕೂರಬೇಕು. ನಾನು ಮೇಲಿನ ಕಿಟಕಿಯಿಂದ ಕಿರುಚುತ್ತಿದ್ದೇನೆ, ಅವಳು ಆರಾಮವಾಗಿ ನನ್ನ ಡಬ್ಬಿಯಿಂದ ಚೆಲ್ಲಿದ ಗುಂಡಿಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದಾಳೆ. ಆ ಚಕ್ರ ಈಗಲೂ ಕಣ್ಣ ಮುಂದೆ ಬರುತ್ತದೆ. ಅಂದಿನಿಂದ ಬಾಗಿಲಿಗೆ ಚಿಲಕ ಹಾಕಿಯೇ ಹೊಲಿಯಲು ಕೂರುತ್ತೇನೆ.

ಅವಳು ಯಾವಾಗಲೂ ನನ್ನ ಯಂತ್ರದ ಕಾಲಿಗೆ ಒರಗಿ ಕೂತು ಆಡುತ್ತಾಳೆ. ನಾನು ತುಳಿಯುವುದನ್ನು ನಿಲ್ಲಿಸಿದ ತಕ್ಷಣ ತಲೆ ಎತ್ತಿ ನೋಡುತ್ತಾಳೆ. ಅದಕ್ಕೇ ಕಿವಿಯ ಬಗ್ಗೆ ನನಗೆ ಅನುಮಾನವೇ ಬರಲಿಲ್ಲ. ಯಂತ್ರ ನಿಂತದ್ದು ಕೇಳಿಸುವ ಮಗುವಿಗೆ ನಾನು ಕೂಗಿದ್ದು ಕೇಳಿಸದೇ ಇರುತ್ತದೆಯೇ, ಎಲ್ಲ ಹಟ ಎಂದುಕೊಂಡಿದ್ದೆ. ಇವತ್ತು ಅವಳು ಹಾಸಿಗೆಯ ಮೇಲೆ, ಬಟ್ಟೆ ರಾಶಿಯಲ್ಲಿ ಕೂತಿದ್ದಳು. ನಿಲ್ಲಿಸಿದೆ. ನೋಡಲಿಲ್ಲ. ಮತ್ತೆ ತುಳಿದು ನಿಲ್ಲಿಸಿದೆ. ಇಲ್ಲ. ಎದ್ದು ಹೋಗಿ ಎರಡು ಪಾತ್ರೆ ಮುಚ್ಚಳ ತಂದು ಅವಳ ತಲೆಯ ಹಿಂದೆ ಒಂದಕ್ಕೊಂದು ಬಡಿದೆ. ಪಾಪು ಬೆಚ್ಚಿ ಅತ್ತ. ಅವಳು ರೆಪ್ಪೆಯನ್ನೂ ಮಿಟುಕಿಸಲಿಲ್ಲ.

ಆಗ ನಿನ್ನ ಮಾತು ನೆನಪಾಯಿತು. ಅವಳನ್ನು ಹಾಸಿಗೆಯಿಂದ ಇಳಿಸಿ ಹಲಗೆಯ ಮೇಲೆ ಕೂರಿಸಿ, ಹಿಂದೆ ಹೋಗಿ ಕಾಲು ಕುಟ್ಟಿದೆ. ತಿರುಗಿ ನೋಡಿದಳು. ನಕ್ಕಳು ಕಣೇ. ನಾನೂ ಆಟಕ್ಕೆ ಬಂದೆ ಎಂದುಕೊಂಡಳು.

ನಿನ್ನ ಕಾಗದಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ಬೆಳಕು, ಎದುರಿಗೆ ನಿಲ್ಲು, ಕೈ ಬಿಡಬೇಡ. ನಿನಗೆ ಗೊತ್ತಿತ್ತು! ಗೊತ್ತಿದ್ದೂ ಆಟ ಎಂದು ಬರೆದೆ. ಲಾರಿ ಇನ್ನು ಒಂದು ಮೊಳ ಹಿಂದಕ್ಕೆ ಬಂದಿದ್ದರೆ ಈಗ ನಾನು ನಿನಗೆ ಯಾವ ಕಾಗದ ಬರೆಯುತ್ತಿದ್ದೆ? ಕೂಸು ಕಿವುಡಾಗಿದೆ ಎಂದು ತಾಯಿಗೆ ಹೇಳಬೇಕು ಎನ್ನಿಸಲಿಲ್ಲವೇ ನಿನಗೆ? ನಾನೇನು ರಾಕ್ಷಸಿಯೇ? ಅವಳಿಗೆ ಹೊಡೆದೆನಲ್ಲೇ, ಕೇಳಿಸದ ಮಗುವಿಗೆ ಕೇಳಿಸಲಿಲ್ಲ ಎಂದು ಹೊಡೆದೆನಲ್ಲ!

ಇನ್ನು ಬರೆಯಲಾಗುವುದಿಲ್ಲ.


ಜುಲೈ 14

ನನ್ನ ಕಂದ,

ನಾನು ಬೈದು ಬರೆದದ್ದನ್ನು ಒಲೆಗೆ ಹಾಕು. ಅದನ್ನು ಅಂಚೆಗೆ ಹಾಕಿ ಬಂದ ಮೇಲೆ ನಿನ್ನ ಕಾಗದ ಸಿಕ್ಕಿತು. ವಾಪಸ್ ಕೇಳೋಣವೆಂದು ಅಂಚೆ ಪೆಟ್ಟಿಗೆಯ ಹತ್ತಿರ ಓಡಿದೆ, ಚೀಲ ಹೋಗಿಯಾಗಿತ್ತು. ನೀನು ಊಟ ಮುಟ್ಟುತ್ತಿಲ್ಲವೆಂದು ಚಿಕ್ಕಮ್ಮ ಮಲಗಿಕೊಂಡೇ ಬರೆಸಿದ್ದಾಳೆ. ನಿನ್ನ ಕಾಲಿಗೆ ಬೀಳುತ್ತೇನೆ, ಊಟ ಮಾಡು. ಐದು ಮಕ್ಕಳ ಮನೆಯಲ್ಲಿ ನಾನು "ಬನ್ರೋ ಎಲ್ರೂ" ಎಂದು ಕೂಗಿ ಹಾಯಾಗಿದ್ದೆ. ಅವಳೊಬ್ಬಳನ್ನೇ ಹೆಸರು ಹಿಡಿದು ಕರೆದದ್ದು ಯಾವಾಗ ಎಂದು ಯೋಚಿಸಿದರೆ ನೆನಪಿಗೇ ಬರುತ್ತಿಲ್ಲ. ಕರೆದುಕೊಂಡು ಬರುತ್ತಿದ್ದವಳು ನೀನು.

ನಿಮ್ಮಪ್ಪ ನಿನ್ನ ಕಾಗದವನ್ನು ನಿಂತುಕೊಂಡೇ ಓದಿದರು. "ನಾನ್ಯಾವಾಗ ಹಂಗಂದೆ?" ಎಂದು ನನ್ನ ಮೇಲೆ ರೇಗಿದರು. ಆಮೇಲೆ ನೆನಪಾಯಿತೋ ಏನೋ, ಹೋಗಿ ಮೆಟ್ಟಿಲ ಮೇಲೆ ಕೂತರು. ಪಿಳಿ ಹೋಗಿ ಪಕ್ಕದಲ್ಲಿ ಕೂತು ಅವರ ತೋಳಿನ ಹಿಟ್ಟನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು. ಒಳಗೆ ಬಂದವರು ಹೇಳಿದ್ದು ಒಂದೇ ಮಾತು, "ಬೆಳಗಿನ ಪಾಳಿ ಬಿಟ್ಟು ಸಂಜೆ ಪಾಳಿ ಕೇಳ್ತೀನಿ. ಇವಳ್ನ ಬೆಳಿಗ್ಗೆ ನಾನು ಬಿಡ್ತೀನಿ, ಮಧ್ಯಾಹ್ನ ನೀನು ಕರ್ಕೊಂಡ್ ಬಾ."

ಎಲ್ಲಿಗೆ ಎಂದರೆ, ಶಾಲೆಗೆ. ಕಿವಿ ಡಾಕ್ಟರರನ್ನು ಕಂಡೆವು. ಒಂದು ಕಿವಿ ಪೂರ್ತಿ ಹೋಗಿದೆಯಂತೆ. ಇನ್ನೊಂದರಲ್ಲಿ ಸ್ವಲ್ಪ ಉಳಿದಿದೆ, ಅದಕ್ಕೊಂದು ಯಂತ್ರ ಹಾಕಬಹುದಂತೆ. ಉಳಿದದ್ದು ಉಳಿಯುತ್ತದೆಯೋ ಇಲ್ಲವೋ ಹೇಳಲಾಗುವುದಿಲ್ಲ ಎಂದರು. ಇಂಥ ಮಕ್ಕಳಿಗೆ ಊರಿನ ಆ ತುದಿಯಲ್ಲೇ ಒಂದು ಹಗಲು ಶಾಲೆ ಇದೆಯಂತೆ, ಮಧ್ಯಾಹ್ನ ಮನೆಗೆ ವಾಪಸ್. ಅವಳು ರಾತ್ರಿ ನನ್ನ ಪಕ್ಕದಲ್ಲೇ ಮಲಗುತ್ತಾಳೆ, ಇದು ನಾನು ನಿನಗೆ ಕೊಡುವ ಮಾತು.

ನನಗೆ ಭಯ ಹೋಗಿಲ್ಲ ಅಮ್ಮಣ್ಣಿ. ಬೀದಿಯ ಭಯ, ನಾಳೆಯ ಭಯ. ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ಅವಳು ಈಗಲೂ ದಿನಾ ಸಂಜೆ ಮೆಟ್ಟಿಲ ಕಿಟಕಿಯಲ್ಲಿ ಕೂರುತ್ತಾಳೆ. ನೀನು ಚೀಲ ಹಿಡಿದು ಬಸ್ಸು ಹತ್ತಿದ್ದನ್ನು ನೋಡಿದ್ದಾಳೆ, ಗಡಿಯಾರದವರ ಹುಡುಗ ಹತ್ತಿದ ಹಾಗೇ. ನಿನ್ನನ್ನೂ ಹಾಸ್ಟೆಲಿಗೆ ಕಳಿಸಿಬಿಟ್ಟೆವು ಎಂದುಕೊಂಡಿದ್ದಾಳೆ ಎಂದು ನನ್ನ ಅನುಮಾನ. ಅಕ್ಕ ಬರುತ್ತಾಳೆ ಎಂದು ಎಷ್ಟು ಸಲ ಹೇಳಿದೆನೋ! ನನ್ನ ಬಾಯಿ ನೋಡುತ್ತಾಳೆ, ನಂಬುವುದಿಲ್ಲ. ಹೆತ್ತ ಮಗಳಿಗೆ ಒಂದು ಮಾತು ಹೇಳಲು ನನಗೆ ಬರುವುದಿಲ್ಲ. ನಿಮ್ಮ ಕೈಮಾತಿನಲ್ಲಿ ಅದನ್ನು ಹೇಗೆ ಹೇಳುವುದು, ಬರೆದು ಕಳಿಸು.

ಅಮ್ಮ


ಜುಲೈ 19

ಅಮ್ಮ,

ಊಟ ಮಾಡಿದೆ. ಬೈದ ಕಾಗದವನ್ನು ಒಲೆಗೆ ಹಾಕಲಿಲ್ಲ, ಇಟ್ಟುಕೊಂಡಿದ್ದೇನೆ. ಅದರಲ್ಲಿ ಅವಳು ನಕ್ಕಳು ಎಂದು ಬರೆದಿದ್ದೀಯಲ್ಲ, ಅದಕ್ಕೆ.

ಹೀಗೆ ಹೇಳು. ಮೊದಲು ಕಾಲು ಕುಟ್ಟು. ಅವಳು ನೋಡಿದ ಮೇಲೆ ನಿನ್ನ ಜಡೆಯನ್ನು ಎರಡು ಸಲ ಎಳೆದುಕೋ, ಅದು ನಾನು. ಆಮೇಲೆ ಎರಡು ಬೆರಳನ್ನು ಕಾಲಿನ ಹಾಗೆ ನಡೆಸುತ್ತಾ ಬಂದು ನಿನ್ನ ಎದೆಗೆ ಮುಟ್ಟಿಸು, ಅದು ಬರುತ್ತಾಳೆ. ಯಾವಾಗ ಎಂದು ಕೇಳಿದರೆ ಪಾಪುವಿನ ಹಾಗೆ ಕೈಯಲ್ಲಿ ಕೂಸು ತೂಗು. ಚಿಕ್ಕಮ್ಮನ ಹೊಟ್ಟೆ ಅವಳು ನೋಡಿದ್ದಾಳೆ, ತಿಳಿದುಕೊಳ್ಳುತ್ತಾಳೆ. ಅವಸರ ಮಾಡಬೇಡ.

ಅಮ್ಮಣ್ಣಿ


ಜುಲೈ 24

ಅಮ್ಮಣ್ಣಿ,

ಹೇಳಿದೆ ಕಣೇ, ಹೇಳಿದೆ! ಮೊದಲು ಅವಳಿಗಳ ಮೇಲೆ ಅಭ್ಯಾಸ ಮಾಡಿದೆ, ಬಿದ್ದು ಬಿದ್ದು ನಕ್ಕರು. ಈಗ ಇಡೀ ಮನೆಯೇ ಕಾಲು ಕುಟ್ಟುತ್ತದೆ. ಸೈಕಲ್ ಅಂಗಡಿಯವನು ಕೆಳಗಿನಿಂದ "ಅಕ್ಕಾ, ಸೂರು ತಲೆ ಮೇಲೆ ಬೀಳತ್ತೆ" ಎಂದು ಕೂಗಿಕೊಂಡ. ಮಗುವನ್ನು ಎಳೆದು ಉಳಿಸಿದವನು ನೀನೇ, ಸಹಿಸಿಕೋ ಎಂದೆ.

ಕಿಟಕಿಯ ಹತ್ತಿರ ಹೋಗಿ ಜಡೆ ಎಳೆದುಕೊಂಡೆ. ಅವಳ ಮುಖ ಬಿಳಿಚಿಕೊಂಡಿತು. ಬೆರಳು ನಡೆಸಿ ಎದೆಗೆ ತಂದೆ. ಕೂಸು ತೂಗಿದೆ. ಬಹಳ ಹೊತ್ತು ನನ್ನ ಕೈಯನ್ನೇ ನೋಡಿದಳು. ಮತ್ತೆ ಮಾಡು ಎಂದು ಕೈ ಹಿಡಿದೆಳೆದಳು. ಎಷ್ಟು ಸಲ ಮಾಡಿಸಿದಳೋ, ತೋಳು ನೋಯುತ್ತಿದೆ. ಆಮೇಲೆ ನನ್ನ ಮಡಿಲಿಗೆ ಬಂದಳು.

ಮಡಿಲಲ್ಲಿ ಕೂತು ಅವಳು ಒಂದು ಮಾತು ಆಡಿದಳು, ಅದು ನನಗೆ ತಿಳಿಯಲಿಲ್ಲ. ಜಡೆ ಎಳೆದುಕೊಂಡಳು, ಅದು ನೀನು. ತುಟಿಯ ಮೇಲೆ ಬೆರಳಿಟ್ಟಳು, ಆಮೇಲೆ ಮುಷ್ಟಿ ಬಿಗಿದು ಹೊಟ್ಟೆಗೆ ಒತ್ತಿಕೊಂಡಳು. ಗಟ್ಟಿಯಾಗಿ, ಹೊಟ್ಟೆನೋವು ಬಂದವರ ಹಾಗೆ. ನೋಯುತ್ತಿದೆಯಾ ಎಂದು ಮುಟ್ಟಿ ನೋಡಿದೆ, ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಮತ್ತೆ ಅದನ್ನೇ ಮಾಡಿದಳು, ನನ್ನ ಮುಖ ನೋಡುತ್ತಾ, ನಡುಗುತ್ತಾ. ನನಗೆ ಮತ್ತೆ ಹೆದರಿಕೆಯಾಗಿದೆ. ಏನದು? ಬೇಗ ಬರೆ.

ಅಮ್ಮ


ಜುಲೈ 29

ಅಮ್ಮ,

ಹೆದರಬೇಡ, ಅದು ಹೊಟ್ಟೆನೋವಲ್ಲ. ಕಿವಿಯ ಗುಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೇನೆ, ಯಾರಿಗೂ ಹೇಳಿಲ್ಲ ಎಂದು ಅದರ ಅರ್ಥ. ನಾನೇ ಅವಳಿಗೆ ಹೇಳಿಕೊಟ್ಟದ್ದು. ನಾನು ಹೋದ ಮೇಲೆ ನೀನು ಹೊಡೆದಾಗಲೂ, ಲಾರಿ ಬಂದಾಗಲೂ ಅವಳು ಅದನ್ನು ಬಾಯಿಬಿಡಲಿಲ್ಲ. ನಿಮಗೆಲ್ಲ ಗೊತ್ತಾಗಿದೆ ಎಂದು ಅವಳಿಗೆ ಇನ್ನೂ ತಿಳಿದಿಲ್ಲ. ಅಕ್ಕ ಬಂದಾಗ, ಪಿಳಿ ಯಾರಿಗೂ ಹೇಳಲಿಲ್ಲ ಎಂದು ಅವಳಿಗೆ ತಿಳಿಸು ಅಂತ ನಿನಗೆ ಹೇಳಿದ್ದಾಳೆ.

ಇದಕ್ಕೆ ಉತ್ತರ ಕೈಯಲ್ಲಿ ನನಗೂ ಬರುವುದಿಲ್ಲ, ನಾವು ಅಂಥ ಮಾತು ಮಾಡಿಕೊಂಡಿರಲಿಲ್ಲ. ನೀನು ಹೀಗೆ ಮಾಡು. ಅವಳ ಮುಷ್ಟಿಯನ್ನು ಮೆಲ್ಲಗೆ ಬಿಡಿಸು. ಬಿಡಿಸಿದ ಕೈಯನ್ನು ನಿನ್ನ ಗಂಟಲ ಮೇಲೆ ಇಟ್ಟುಕೋ. ಇಟ್ಟುಕೊಂಡು, ನಮಗೆಲ್ಲ ಗೊತ್ತಾಯಿತು ಮಗಳೇ, ಆದರೂ ನಿನ್ನನ್ನು ಎಲ್ಲೂ ಕಳಿಸುವುದಿಲ್ಲ ಎಂದು ಹೇಳು. ಜೋರಾಗಿ ಹೇಳು, ಗಂಟಲು ಅದುರುವುದು ಅವಳ ಕೈಗೆ ತಿಳಿಯಲಿ. ಅಪ್ಪನ ಗಂಟಲ ಮೇಲೂ ಕೈ ಇಡಿಸು, ಅಪ್ಪನ ಬಾಯಿಂದಲೂ ಹೇಳಿಸು.

ಅಮ್ಮಣ್ಣಿ